ಕಿವಿ ಕೆಳಗಿನ ಗಂಟು: ‘ಕ್ಯಾನ್ಸರ್ ಅಲ್ಲ’ ಅಂದ ಮೇಲೂ ಆಪರೇಷನ್ ಯಾಕೆ?

ಪ್ರಶ್ನೆ (ಜಗಳೂರು): ನಮಸ್ಕಾರ ಮೇಡಂ. ನಮ್ಮ ಅಪ್ಪಾಜಿಗೆ 58 ವರ್ಷ. ಎಡಗಿವಿ ಕೆಳಗೆ ಏಳೆಂಟು ವರ್ಷದಿಂದ ಗಂಟು, ಈಗ ನಿಂಬೆಹಣ್ಣಿನಷ್ಟಾಗಿದೆ. ನೋವಿಲ್ಲ. ಶುರುವಿನಲ್ಲಿ ಮಂಗನಬಾವು ಅಂತ ಲೇಪ ಹಚ್ಚಿದ್ದೇ ಬಂತು. ಮೊನ್ನೆ ದಾವಣಗೆರೆಗೆ ಕರ್ಕೊಂಡು ಬಂದು ಸೂಜಿ ಟೆಸ್ಟ್ ಮಾಡಿಸಿದ್ವಿ. ರಿಪೋರ್ಟಲ್ಲಿ ‘ಪ್ಲಿಯೋಮಾರ್ಫಿಕ್ ಅಡಿನೋಮ, ಮಿಲಾನ್ 4ಎ’ ಅಂತಿದೆ. ಕ್ಯಾನ್ಸರ್ ಅಲ್ಲವಂತೆ, ಆದ್ರೂ ತೆಗೀಬೇಕಂತೆ. ದೊಡ್ಡಪ್ಪ ‘ಚುಚ್ಚಿಸಿದ್ದೇ ತಪ್ಪು, ಇನ್ನು ಹರಡುತ್ತೆ’ ಅಂತ ಕೂತಿದ್ದಾರೆ.

ಉತ್ತರ (ಪೆಥಾಲಜಿಸ್ಟ್, ಅಂದರೆ ಕೋಶ, ತುಂಡು ಪರೀಕ್ಷಿಸಿ ರೋಗ ಗುರುತಿಸೋ ವೈದ್ಯೆ): ನೋಡಮ್ಮ, ಮೊದಲು ದೊಡ್ಡಪ್ಪನವರಿಗೆ ಸಮಾಧಾನ ಹೇಳಿ. ಎಫ್‌ಎನ್‌ಎಸಿಗೆ, ಅಂದ್ರೆ ಆ ಸೂಜಿ ಟೆಸ್ಟಿಗೆ, ಬಳಸೋದು ಬಹಳ ಸಣ್ಣ ಸೂಜಿ. ಅದರಿಂದ ಗಂಟು ಹರಡೋದು ತೀರಾ ಅಪರೂಪ.

ಕಿವಿ ಮುಂದೆ, ಕೆಳಗೆ ಇರೋದು ಪೆರೋಟಿಡ್, ದೊಡ್ಡ ಜೊಲ್ಲುಗ್ರಂಥಿ. ಅಲ್ಲಿನ ಗೆಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಅದರಲ್ಲೂ ನಿಮ್ಮ ತಂದೆಯವರಿಗಿರೋ ಪ್ಲಿಯೋಮಾರ್ಫಿಕ್ ಅಡಿನೋಮವೇ ಎಲ್ಲಕ್ಕಿಂತ ಸಾಮಾನ್ಯ. ಸ್ಲೈಡಿಗೆ ಜೀಮ್ಸಾ ಬಣ್ಣ ಹಾಕಿ ನೋಡಿದರೆ ಕಡು ಗುಲಾಬಿ ಬಣ್ಣದ, ಅಂಚೆಲ್ಲ ಎಳೆಎಳೆಯಾದ ಒಂದು ವಸ್ತು ಹರಡಿರುತ್ತೆ, ಜೀವಕೋಶಗಳು ಅದರೊಳಗೇ ಹೂತುಕೊಂಡಿರುತ್ತವೆ. ಇದು ಕಂಡರೆ ನಮಗೆ ಅರ್ಧ ಧೈರ್ಯ. ಅದೇ ಗುಲಾಬಿ ವಸ್ತು ನುಣುಪಾದ ಉಂಡೆಗಳಾಗಿ, ಕೋಶಗಳು ಸುತ್ತ ಸಾಲುಗಟ್ಟಿದ್ದರೆ ಅಡಿನಾಯ್ಡ್ ಸಿಸ್ಟಿಕ್ ಅನ್ನೋ ಕ್ಯಾನ್ಸರಿನ ಅನುಮಾನ.

2018ರಲ್ಲಿ ಬಂದ ಮಿಲಾನ್ ಪದ್ಧತಿ ಇಂಥ ರಿಪೋರ್ಟುಗಳನ್ನ ಆರು ವರ್ಗ ಮಾಡುತ್ತೆ. 4ಎ ಅಂದ್ರೆ ಕ್ಯಾನ್ಸರ್ ಸಾಧ್ಯತೆ ನೂರಕ್ಕೆ 5ಕ್ಕಿಂತ ಕಡಿಮೆ. 4ಬಿ ಅಂದ್ರೆ ಗೆಡ್ಡೆ ಹೌದು, ಜಾತಿ ಹೇಳಕ್ಕಾಗಲ್ಲ ಅಂತ. ಅಲ್ಲಿ ಸುಮಾರು ಮೂರರಲ್ಲಿ ಒಂದು ಕ್ಯಾನ್ಸರ್ ಆಗಿ ಹೊರಬೀಳುತ್ತೆ.

ಆದ್ರೂ ತೆಗೀಬೇಕು. ಬಿಟ್ಟಷ್ಟು ವರ್ಷ ಬೆಳೆಯುತ್ತೆ, ಕೆಲವರಲ್ಲಿ ಮುಂದೆ ಅದೇ ಕ್ಯಾನ್ಸರಿಗೆ ತಿರುಗುತ್ತೆ. ಇನ್ನೊಂದು, ಸೂಜಿಯಲ್ಲಿ ಬರೋದು ಬಿಡಿ ಕೋಶಗಳು. ಗೆಡ್ಡೆ ತನ್ನ ಸುತ್ತಲ ಪೊರೆ ಒಡ್ಕೊಂಡು ಹೊರಗೆ ನುಗ್ಗಿದೆಯೋ ಇಲ್ಲವೋ ಅನ್ನೋದು ಇಡೀ ಗೆಡ್ಡೆ ನಮ್ಮ ಟೇಬಲಿಗೆ ಬಂದ ಮೇಲೇ ಗೊತ್ತಾಗೋದು. ಒಮ್ಮೆಗೇ ಗಂಟು ದಪ್ಪಾಯ್ತು, ನೋವು ಬಂತು, ಬಾಯಿ ಸೊಟ್ಟಗಾಯ್ತು, ಕಣ್ಣು ಮುಚ್ಚಕ್ಕಾಗ್ತಿಲ್ಲ ಅಂದ್ರೆ ಒಂದು ದಿನವೂ ಕಾಯಬೇಡಿ.

ಪ್ರಶ್ನೆ (ಜಗಳೂರು): ಹಾಗಾದ್ರೆ ಒಂದು ತುಂಡು ಕತ್ತರಿಸಿ ನೋಡಬಹುದಿತ್ತಲ್ಲ ಮೇಡಂ?

ಉತ್ತರ: ಪೆರೋಟಿಡ್‌ನಲ್ಲಿ ಆ ಕೆಲಸ ಮಾಡಿಸಲೇಬೇಡಿ. ಮುಖದ ನರ ಆ ಗ್ರಂಥಿಯ ನಡುವೆಯೇ ಕವಲೊಡೆದು ಹೋಗುತ್ತೆ. ಜೊತೆಗೆ ಈ ಗೆಡ್ಡೆಗೆ ಕತ್ತಿ ಹಾಕಿ ಒಳಗಿನದು ಚೆಲ್ಲಿದರೆ ವರ್ಷಗಟ್ಟಲೆ ಆದ ಮೇಲೆ ಅದೇ ಜಾಗದಲ್ಲಿ ಹತ್ತಾರು ಸಣ್ಣ ಗಂಟುಗಳಾಗಿ ಏಳಬಹುದು. ಅದನ್ನ ತೆಗೆಯೋ ಪಾಡು ಸರ್ಜನ್ನರನ್ನೇ ಕೇಳಿ. ಅದಕ್ಕೇ ಸುತ್ತಲಿನ ಒಂದಿಷ್ಟು ಗ್ರಂಥಿಯ ಸಮೇತ, ನರ ಉಳಿಸಿ, ಗೆಡ್ಡೆಯನ್ನ ಒಡೆಯದೆ ತೆಗೀತಾರೆ.

ಪ್ರಶ್ನೆ (ಚನ್ನಗಿರಿ): ಮೇಡಂ, ನಮ್ಮ ಅಣ್ಣಂಗೆ ಅಂಗುಳದಲ್ಲಿ ಗಂಟು, ಆ ಕಡೆ ಮೇಲ್ದುಟಿ ಜೋಮು ಹಿಡಿದಂಗೆ ಇರುತ್ತೆ. ತುಂಡು ತೆಗೆದೇ ಬಯಾಪ್ಸಿ ಮಾಡಿದ್ರು. ಅದು ತಪ್ಪಾ? ರಿಪೋರ್ಟಲ್ಲಿ ‘ಅಡಿನಾಯ್ಡ್ ಸಿಸ್ಟಿಕ್’ ಅಂತ ಬಂದಿದೆ.

ಉತ್ತರ: ತಪ್ಪಲ್ಲಪ್ಪ, ಅಂಗುಳದಲ್ಲಿ ಅದೇ ಸರಿ. ಅಲ್ಲಿ ಮುಖದ ನರದ ಭಯ ಇಲ್ಲ, ತುಂಡು ತೆಗೆದ ಜಾಗ ಆಮೇಲೆ ಗೆಡ್ಡೆ ಜೊತೆಗೇ ಬರುತ್ತೆ. ಅಂಗುಳದಲ್ಲಿರೋದು ಸಣ್ಣ ಸಣ್ಣ ಜೊಲ್ಲುಗ್ರಂಥಿಗಳು. ಗ್ರಂಥಿ ಸಣ್ಣದಾದಷ್ಟೂ ಅಲ್ಲಿನ ಗಂಟು ಕ್ಯಾನ್ಸರ್ ಆಗಿರೋ ಸಾಧ್ಯತೆ ಹೆಚ್ಚು, ಹಾಗಾಗಿ ಕಾಯದೆ ತುಂಡು ತೆಗೆದಿದ್ದು ಒಳ್ಳೇದೇ ಆಯ್ತು.

ಜೋಮು ಅಂದ್ರಲ್ಲ, ಅದನ್ನ ಸರ್ಜನ್ನರಿಗೆ ಬಿಡದೆ ಹೇಳಿ. ಈ ಕ್ಯಾನ್ಸರ್ ನರದ ಗುಂಟ ಸಾಗೋ ಜಾತಿಯದು. ತಲೆ ಕಡೆಗೆ ಎಂಆರ್‌ಐ, ಎದೆಗೆ ಸಿಟಿ ಬೇಕಾಗಬಹುದು, ಯಾಕಂದ್ರೆ ಇದು ವರ್ಷಗಳಾದ ಮೇಲೂ ಶ್ವಾಸಕೋಶಕ್ಕೆ ಹೋಗಬಹುದು.

ಪ್ರಶ್ನೆ (ಚನ್ನಗಿರಿ): ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರ್ಕೊಂಡು ಹೋಗೋಣ ಅಂತಿದ್ದೀವಿ. ರಿಪೋರ್ಟ್ ಸಾಕಾ?

ಉತ್ತರ: ಸಾಲಲ್ಲ. ಲ್ಯಾಬಿನಲ್ಲಿ ಅರ್ಜಿ ಕೊಟ್ಟು ಸ್ಲೈಡೂ ಮೇಣದ ಬ್ಲಾಕೂ (ತೆಗೆದ ತುಂಡನ್ನ ಮೇಣದಲ್ಲಿ ಹುದುಗಿಸಿಟ್ಟದ್ದು) ಎರಡನ್ನೂ ಇಸ್ಕೊಳ್ಳಿ. ಅಲ್ಲಿ ಸಿಡಿ117, ಪಿ63 ಅಂತ ಇನ್ನಷ್ಟು ಪರೀಕ್ಷೆ ಮಾಡಬೇಕಾದ್ರೆ ಬ್ಲಾಕ್‌ನಿಂದಲೇ ಹೊಸ ಪದರ ಕತ್ತರಿಸ್ತಾರೆ, ಅಣ್ಣನಿಗೆ ಮತ್ತೆ ಚುಚ್ಚೋದು ತಪ್ಪುತ್ತೆ. ಬ್ಲಾಕ್ ನಂಬರೂ ರಿಪೋರ್ಟ್ ನಂಬರೂ ಒಂದೇನಾ ಅಂತ ಕೌಂಟರಿನಲ್ಲೇ ನೋಡ್ಕೊಳ್ಳಿ. ಕಾರಲ್ಲಿ ಹೋಗೋದಾದ್ರೆ ಬಿಸಿಲು ಬೀಳೋ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಕರಗುತ್ತೆ.