ಅಪ್‌ಡೇಟ್: ಮರ ಸವರುವ ನಮ್ಮ ವೆಬ್‌ಸೈಟ್‌ನಿಂದ ಕೊನೆಗೂ ಫೋನ್ ಬರುತ್ತಿದೆ

ಬೆಳಗಾವಿಯಲ್ಲಿ ಅಣ್ಣ ಮತ್ತು ನಾನು ಮರದ ಟೊಂಗೆ ಸವರುವ, ಒಣಗಿದ ಮರ ಇಳಿಸುವ ಕೆಲಸ ಮಾಡುತ್ತೇವೆ. ವೆಬ್‌ಸೈಟ್ ಇದ್ದರೂ ಯಾರೂ ಫೋನ್ ಮಾಡುವುದಿಲ್ಲ ಎಂದು ಹದಿನೈದು ದಿನದ ಹಿಂದೆ ಕೇಳಿದ್ದೆ, ನೆನಪಿದೆಯಲ್ವಾ?

ಕೈ ಹಿಡಿದದ್ದು "ಪರದೆಯ ಕೆಳಗೆ ಫೋನ್ ಬಟನ್ ಕಾಯಂ ಇರಲಿ" ಅಂದವರ ಸಲಹೆ. ನೋಡಿದರೆ ನಮ್ಮ ನಂಬರ್ ಬ್ಯಾನರ್ ಚಿತ್ರದೊಳಗೇ ಇತ್ತು, ಒತ್ತಿದರೆ ಏನೂ ಆಗುತ್ತಿರಲಿಲ್ಲ! ಪುಟ ಬೇಗ ತೆರೆಯಲೆಂದು 5 ಎಂಬಿಯ ಫೋಟೊಗಳನ್ನು ವೆಬ್‌ಪಿ (ಕಡಿಮೆ ಜಾಗ ಹಿಡಿಯುವ ಚಿತ್ರದ ಫೈಲ್) ಮಾಡಿ 200 ಕೆಬಿಗೆ ಇಳಿಸಿದೆ. ಟಿಳಕವಾಡಿ, ಶಹಾಪುರ ಎಂದು ಬಡಾವಣೆಗಳ ಹೆಸರನ್ನೂ ಬರೆದೆ.

ಒಂದಾದ ಮೇಲೊಂದು ಫೋಟೊ ಸರಿಯುವ ಸ್ಲೈಡರ್ ಸುಮ್ನೆ ದಂಡ. ಎಂಟು ಪ್ರಶ್ನೆಗಳ ಫಾರ್ಮ್ ಒಬ್ಬರೂ ತುಂಬಲಿಲ್ಲ. ಫಾರ್ಮ್ ತೆಗೆದು, "ಮರದ ಫೋಟೊ ವಾಟ್ಸಾಪ್ ಮಾಡಿ" ಎಂದು ಹಾಕಿದೆ.

ಅಚ್ಚರಿ ಎಂದರೆ, ಜಾಸ್ತಿ ಓದುವುದು ಅನುಮತಿಯ ಪುಟವನ್ನು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಇದೆ. ಇದನ್ನು ನಾಲ್ಕೇ ಸಾಲಲ್ಲಿ ಬರೆದಿದ್ದೆ.

ನಿನ್ನೆ ಒಬ್ಬರು ಅಜ್ಜಿ ಫೋನ್ ಮಾಡಿ, "ತಮ್ಮಾ, ಮಾವಿನ ಟೊಂಗಿ ವಾಯರ್‌ಗೆ ತಾಗೈತಿ, ಯಾವಾಗ ಬರ್ತೀರಿ?" ಅಂದರು. ಮೊದಲು ಕರೆಂಟ್ ತೆಗೆಸಬೇಕು. ಸೋಮವಾರ ಹೋಗುತ್ತಿದ್ದೇವೆ.