ಹೂಳಿನಲ್ಲಿ ಹೂಳೆಷ್ಟು? ‘ಸಿಲ್ಟ್’ ಎಂಬುದಕ್ಕೆ ಎರಡು ಕನ್ನಡ ಪದ ಬೇಕಾಗಿವೆ

ಮಾನ್ಯರೇ,

ಕೆರೆಯ ಹೂಳನ್ನು ಹೊಲಕ್ಕೆ ಹೊಡೆಸಿಕೊಳ್ಳುವ ರೈತರ ಸಲುವಾಗಿ ಮಣ್ಣು ಪರೀಕ್ಷೆಯ ವರದಿಗಳನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ಕೆಲವು ತಿಂಗಳಿಂದ ನನ್ನ ಪಾಲಿಗೆ ಬಂದಿದೆ. ಆಳಂದ ತಾಲ್ಲೂಕಿನ ಒಂದು ಕೆರೆಯ ವರದಿಯನ್ನು ಮುಗಿಸಿ ಮೊದಲಿನಿಂದ ಓದಿಕೊಂಡಾಗ, ನಾನೇ ಬರೆದ ಈ ವಾಕ್ಯವನ್ನು ದಾಟಿ ಮುಂದೆ ಹೋಗಲಾಗಲಿಲ್ಲ: ‘ಈ ಹೂಳಿನಲ್ಲಿ ಹೂಳಿನ ಪ್ರಮಾಣ ಜೇಡಿಗಿಂತ ಕಡಿಮೆ ಇದೆ.’ ಲೆಕ್ಕದಲ್ಲಿ ತಪ್ಪಿಲ್ಲ, ವ್ಯಾಕರಣದಲ್ಲಿಯೂ ತಪ್ಪಿಲ್ಲ. ಆದರೆ ಓದಿದ ರೈತ ನನ್ನನ್ನು ನೋಡಿ ನಗದೇ ಇರಲಾರ.

ತೊಡಕು ಇಂಗ್ಲಿಷಿನ ‘ಸಿಲ್ಟ್’ ಎಂಬ ಪದದ್ದು. ಕೆರೆ, ಕಾಲುವೆ, ಅಣೆಕಟ್ಟುಗಳ ತಳದಲ್ಲಿ ತುಂಬಿಕೊಳ್ಳುವ ಮಣ್ಣಿಗೂ ಅದೇ ಹೆಸರು, ಪ್ರಯೋಗಾಲಯದಲ್ಲಿ ಒಂದು ನಿರ್ದಿಷ್ಟ ಅಳತೆಯ ಕಣಗಳಿಗೂ ಅದೇ ಹೆಸರು. ಮೊದಲನೆಯದಕ್ಕೆ ನಮ್ಮಲ್ಲಿ ‘ಹೂಳು’ ಗಟ್ಟಿಯಾಗಿ ನಿಂತಿದೆ; ಹೂಳುವ ಕ್ರಿಯೆಯಿಂದಲೇ ಬಂದ ಆ ಪದಕ್ಕೆ ಕಣ ಸಣ್ಣದೋ ದಪ್ಪದೋ ಎಂಬ ವಿಚಾರವೇ ಇಲ್ಲ. ಮರಳು, ಜೇಡಿ, ಕೊಳೆತ ಎಲೆ, ಶಂಖದ ಚೂರು ಎಲ್ಲವೂ ಸೇರಿಯೇ ಹೂಳು. ಎರಡನೆಯದು ಬರಿಯ ಅಳತೆಯ ಹೆಸರು. ಮಣ್ಣಿನ ವರ್ಗೀಕರಣಕ್ಕಿರುವ ಭಾರತೀಯ ಮಾನಕ, 1970ರ ಐಎಸ್ 1498ರಂತೆ 0.002 ಮಿಲಿಮೀಟರಿಗಿಂತ ಸಣ್ಣದು ಜೇಡಿ, ಅಲ್ಲಿಂದ 0.075ರವರೆಗಿನದು ಸಿಲ್ಟ್, 0.075ರಿಂದ 4.75ರವರೆಗಿನದು ಮರಳು. ಮಣ್ಣುವಿಜ್ಞಾನದ ಅಂತರರಾಷ್ಟ್ರೀಯ ಪದ್ಧತಿ ಸಿಲ್ಟನ್ನು 0.02ಕ್ಕೇ ಮುಗಿಸುತ್ತದೆ, ಭೂವಿಜ್ಞಾನಿಗಳು 1922ರಲ್ಲಿ ವೆಂಟ್‌ವರ್ತ್ ಹಾಕಿಕೊಟ್ಟ ಶ್ರೇಣಿಯಂತೆ 0.0625ರವರೆಗೆ ಎಳೆಯುತ್ತಾರೆ. ಒಂದೇ ಚೀಲದ ಮಣ್ಣು ಮೂರು ಮೇಜುಗಳ ಮೇಲೆ ಮೂರು ಅಂಕಿ ಕೊಡುವುದು ಇದರಿಂದಲೇ. ವರದಿಯಲ್ಲಿ ಯಾವ ಪದ್ಧತಿ ಎಂದು ಬರೆಯದೆ ಬರಿಯ ಶೇಕಡಾವಾರು ಬರೆಯುವುದು ನನ್ನ ಮಟ್ಟಿಗೆ ಅರ್ಧ ವರದಿಯೇ.

ಇದು ಪದದ ಗೊಂದಲವಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಜೇಡಿ ಹೆಚ್ಚಿರುವ ಹೂಳು ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೋ ಗರಸು (ಸಣ್ಣ ಕಲ್ಲಿನ) ಹೊಲಕ್ಕೋ ಬಿದ್ದರೆ ಅಲ್ಲಿ ನೀರು ಹಿಡಿದಿಡುವ ಶಕ್ತಿ ಹೆಚ್ಚುತ್ತದೆ. ಮೊದಲೇ ಜೇಡಿ ತುಂಬಿರುವ ಎರೆ (ಕಪ್ಪು ಮಣ್ಣಿನ) ಹೊಲಕ್ಕೆ ಅದನ್ನೇ ಹೊಡೆಸಿದರೆ ಟ್ರ್ಯಾಕ್ಟರ್ ಬಾಡಿಗೆ ದಂಡ. ಆದ್ದರಿಂದ ರೈತನಿಗೆ ಬೇಕಾದದ್ದು ಹೂಳಿನೊಳಗೆ ಏನೇನು ಎಷ್ಟಿದೆ ಎಂಬ ಮಾತು, ಅದು ಅವನಿಗೆ ತಿಳಿಯುವ ಪದದಲ್ಲಿ.

ಅಳತೆಯ ಸಿಲ್ಟಿಗೆ ನಾನು ಹುಡುಕಿದ ಪದಗಳಲ್ಲಿ ಯಾವುದೂ ಸಲೀಸಾಗಿ ಕೂಡುತ್ತಿಲ್ಲ. ‘ಗೋಡು’ ಎನ್ನೋಣವೆಂದರೆ, ಕೃಷಿ ಬರಹಗಳಲ್ಲಿ ‘ಮರಳು ಮಿಶ್ರಿತ ಗೋಡು ಮಣ್ಣು’ ಎಂದಾಗ ಗೋಡು ಎನ್ನುವುದು ಮೂರೂ ಬಗೆಯ ಕಣ ಹದವಾಗಿ ಬೆರೆತ ಮಣ್ಣಿನ ಹೆಸರು. ಮಿಶ್ರಣದ ಹೆಸರನ್ನು ಅದರ ಒಂದು ಭಾಗಕ್ಕೆ ಕೊಡುವುದು ಸರಿಯಾಗದು. ‘ಮೆಕ್ಕಲು’ ಹೊಳೆ ತಂದು ಹಾಕಿದ್ದನ್ನೆಲ್ಲ ಹೇಳುತ್ತದೆ, ಹಾಗಾಗಿ ಅದು ಹೂಳಿನ ಕಡೆಯದೇ. ‘ರೇವೆ’ಯೂ ಹೊಳೆಯ ಮಣ್ಣೇ ಆದರೂ ನಮ್ಮ ಕಡೆ ದಿನದ ಮಾತಿನಲ್ಲಿ ಅಷ್ಟಾಗಿ ಇಲ್ಲದ್ದರಿಂದ, ಹೊಸ ಅರ್ಥವನ್ನು ಹೊರಲು ಅದಕ್ಕೆ ಬೆನ್ನು ಖಾಲಿ ಇದೆ ಎನ್ನಬಹುದು. ಮರಾಠಿಯ ‘ಗಾಳ’ವನ್ನು ಬೀದರ ಗಡಿಯ ಕಡೆಯವರು ಒಪ್ಪಿಯಾರು, ಉಳಿದವರು ಮೀನು ಹಿಡಿಯುವ ಗಾಳ ಎಂದುಕೊಂಡಾರು.

ಒಂದು ದಿನ ಪ್ರಯೋಗಾಲಯದಲ್ಲಿ ಜೇಡಿ ತೇಲುತ್ತಿದ್ದ ನೀರನ್ನು ಮತ್ತೆ ಮತ್ತೆ ಬಸಿದು, ಉಳಿದ ಪುಡಿಯನ್ನು ಒಣಗಿಸಿ ಬಟ್ಟಲಲ್ಲಿ ಇಟ್ಟಿದ್ದರು. ಮಣ್ಣು ಕೊಡಲು ಬಂದಿದ್ದ ಹಿರಿಯ ರೈತರೊಬ್ಬರಿಗೆ ‘ಇದಕ್ಕೇನಂತೀರಿ ಕಾಕಾ?’ ಎಂದು ಕೇಳಿದೆ. ಅವರು ಚಿಟಿಕೆ ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜಿ ನೋಡಿ, ‘ಉಸುಕೂ ಅಲ್ಲ, ಎರಿನೂ ಅಲ್ಲ, ಸಾಣಿಸಿದ ಹಿಟ್ಟಿನಂಗ ಅದ ನೋಡ್ರಿ’ ಎಂದರು. ಕೈಯಲ್ಲಿ ಮುಟ್ಟಿ ಮಣ್ಣು ಗುರುತಿಸುವವರು ಹೇಳುವುದೂ ಇದನ್ನೇ: ಮರಳು ಬೆರಳಿಗೆ ರವೆಯಂತೆ ತರಿತರಿ, ಜೇಡಿ ಅಂಟು, ನಡುವಿನದು ಹಿಟ್ಟಿನಂತೆ ನುಣುಪು. ‘ಹಿಟ್ಟುಮಣ್ಣು’ ಎಂಬ ಪದ ಅಂದಿನಿಂದ ತಲೆಯಲ್ಲಿ ಕೂತಿದೆ. ನಿಘಂಟಿನ ಬೆಂಬಲ ಅದಕ್ಕಿಲ್ಲ, ಆದರೆ ವಿವರಿಸುವ ಅಗತ್ಯವೂ ಇಲ್ಲ.

ಇದರ ಜೊತೆಗೇ ಸಿಕ್ಕಿಬಿದ್ದಿರುವ ಇನ್ನೂ ಕೆಲವು ಪದಗಳಿವೆ. ‘ಕಣಗಾತ್ರ’ ಪಠ್ಯಪುಸ್ತಕಕ್ಕೆ ಸರಿ. ಇಲ್ಲಿ ಕಣವೆಂದರೆ ತೊಗರಿ, ಜೋಳ ರಾಶಿ ಮಾಡುವ ಜಾಗ, ಮೇಲಾಗಿ ಗಾತ್ರ ಎಂಬುದು ಭೌತಶಾಸ್ತ್ರದಲ್ಲಿ ಬೇರೆಯೇ ಅಳತೆ, ವಸ್ತು ತುಂಬುವ ಜಾಗದ್ದು. ನಾನು ‘ಕಾಳಳತೆ’ ಎಂದು ಬರೆದು ನೋಡಿ ಹೊಡೆದುಹಾಕಿದೆ. ತಳಕ್ಕೆ ಇಳಿದದ್ದಕ್ಕೆ ‘ಮಡ್ಡಿ’ ಎನ್ನಲಾಗದು, ಕಲಬುರಗಿಯಲ್ಲಿ ಮಡ್ಡಿ ಎಂದರೆ ಎತ್ತರದ ಬರಡು ನೆಲ. ‘ಗಸಿ’ ಎಣ್ಣೆ ತುಪ್ಪಗಳಿಗೆ ಒಪ್ಪುತ್ತದೆ. ಮುಂಗಾರಿನ ಭೀಮೆ ಹೊತ್ತು ತರುವ ಮಣ್ಣನ್ನು ‘ತೇಲುವ ಹೂಳು’ ಎಂದು ಬರೆದಿರುವುದನ್ನು ನೋಡಿದ್ದೇನೆ, ಆದರೆ ಇನ್ನೂ ಎಲ್ಲಿಯೂ ಹೂಳದೆ ಹರಿಯುತ್ತಿರುವುದು ಹೂಳು ಹೇಗಾದೀತು? ಅದಕ್ಕೆ ‘ಬಗ್ಗಡ’ವೇ ಸಾಕು ಎಂಬುದು ನನ್ನ ಅನಿಸಿಕೆ.

ಅಳೆಯುವ ಕ್ರಮದ ಪದಗಳಲ್ಲಿ ಒಂದು ಮಾತ್ರ ಕಾಡುತ್ತಿದೆ, ಕದಡುವ ಮುನ್ನ ಸೇರಿಸುವ ದ್ರಾವಣದ ಹೆಸರು; ಅದಕ್ಕೆ ಮೊದಲು ಕ್ರಮವನ್ನು ಹೇಳಬೇಕು. 0.075 ಮಿಲಿಮೀಟರಿನವರೆಗೆ ಜರಡಿ ನಡೆಯುತ್ತದೆ. ಇದಕ್ಕೆ ನಮ್ಮ ‘ಸಾಣಗಿ’, ‘ಸಾಣಿಸು’ ಇದ್ದೇ ಇವೆ. ಅದರಿಂದ ಕೆಳಗಿನದನ್ನು ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ಕದಡಿ, ಎಷ್ಟು ಹೊತ್ತಿಗೆ ಎಷ್ಟು ಇಳಿಯಿತು ಎಂಬುದರ ಮೇಲೆ ಲೆಕ್ಕ ಹಾಕುತ್ತಾರೆ. 1851ರಲ್ಲಿ ಸ್ಟೋಕ್ಸ್ ಕೊಟ್ಟ ನಿಯಮದಂತೆ ಹತ್ತು ಪಟ್ಟು ದಪ್ಪ ಕಣ ನೂರು ಪಟ್ಟು ಬೇಗ ಇಳಿಯುತ್ತದೆ: 20 ಡಿಗ್ರಿ ನೀರಿನಲ್ಲಿ 10 ಸೆಂಟಿಮೀಟರ್ ಇಳಿಯಲು 0.02ರ ಕಣಕ್ಕೆ ಐದು ನಿಮಿಷವೂ ಬೇಡ, 0.002ರದಕ್ಕೆ ಸುಮಾರು 8 ಗಂಟೆ ಬೇಕು. ನಮ್ಮ ಬೇಸಿಗೆಯ 30 ಡಿಗ್ರಿ ನೀರಿನಲ್ಲಿ ಅದು ಆರೂಕಾಲು ಗಂಟೆಯ ಹತ್ತಿರ ಬರುವುದರಿಂದ, ಉಷ್ಣತೆ ನೋಡದೆ ಗಡಿಯಾರವನ್ನಷ್ಟೇ ನಂಬಿದರೆ ಅಂಕಿ ತಪ್ಪುತ್ತದೆ. ಎರೆ ಮಣ್ಣಿನ ಜಾಡಿ ಮರುದಿನ ಬೆಳಿಗ್ಗೆಯೂ ತಿಳಿಯಾಗಿರುವುದಿಲ್ಲ.

ಕದಡುವ ಮುನ್ನ ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ದಪ್ಪ ಕಣಗಳಂತೆ ಇಳಿಯದಿರಲೆಂದು ಸೋಡಿಯಂ ಹೆಕ್ಸಾಮೆಟಾಫಾಸ್ಫೇಟಿನ ದ್ರಾವಣ ಸೇರಿಸುತ್ತಾರೆ. ಇದನ್ನು ಮರೆತರೆ ಜೇಡಿಯ ಬಹುಪಾಲು ಸಿಲ್ಟಿನ ಲೆಕ್ಕಕ್ಕೆ ಹೋಗಿಬಿಡುತ್ತದೆ. ಈ ದ್ರಾವಣಕ್ಕೆ ಹಳೆಯ ಕಡತವೊಂದರಲ್ಲಿ ‘ಪ್ರಸರಣ ಕಾರಕ’ ಎಂದಿದೆ. ಓದಿದ ಕೂಡಲೇ ಪತ್ರಿಕೆಯ ಪ್ರಸರಣ ನೆನಪಾಗುತ್ತದೆ. ‘ಬಿಡಿಸುವ ದ್ರಾವಣ’ ಎಂದು ಬರೆದಿದ್ದೇನೆ, ಯಾರಿಗಾದರೂ ಆಕ್ಷೇಪವಿದ್ದರೆ ತಿಳಿಸಬೇಕು.

ನನ್ನ ಮುಖ್ಯ ಪ್ರಶ್ನೆ ಇಷ್ಟು: ಹೂಳು ಎಂಬುದನ್ನು ತಳದಲ್ಲಿ ತುಂಬಿದ ಮಣ್ಣಿಗೇ ಮೀಸಲಿಟ್ಟು, ಅಳತೆಯ ಸಿಲ್ಟಿಗೆ ‘ರೇವೆ’ ಎನ್ನಬಹುದೇ, ‘ಹಿಟ್ಟುಮಣ್ಣು’ ಎನ್ನಬಹುದೇ, ಅಥವಾ ಸುರಪುರ, ಚಿಂಚೋಳಿ, ಔರಾದ ಕಡೆಯ ಒಕ್ಕಲುತನದ ಮಾತಿನಲ್ಲಿ ಇದಕ್ಕೆ ಬೇರೆ ಪದ ಬದುಕಿದೆಯೇ? ಸದ್ಯ ವರದಿಯ ಆ ಸಾಲಿನಲ್ಲಿ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಶೇಕಡಾವಾರು ಮಾತ್ರ ತುಂಬಿದ್ದೇನೆ.