ನಿವೃತ್ತಿಯಾದ ಮೇಲೆ ಯಾವ ಸುದ್ದಿ ಹಿಡಿದು ಕೂರುತ್ತೀರಿ?

ನವನಗರದ ಮಾಸ್ತರು, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ, ಈಗ ನಿವೃತ್ತ. ಬೆಳಿಗ್ಗೆ ವಾಕಿಂಗ್, ಚಾ, ಪೇಪರ್. ಹನ್ನೊಂದರ ಹೊತ್ತಿಗೆ ಪೇಪರ್ ಮುಗಿಯುತ್ತದೆ. ಆಮೇಲೆ ಟಿವಿ ಚರ್ಚೆ, ಮೊಬೈಲು, ಸಂಜೆ ಪಾರ್ಕಿನ ಕಟ್ಟೆ ಮೇಲೆ ಗೆಳೆಯರ ಜೊತೆ ಮಾತು.

ಆ ಕಟ್ಟೆ ಮೇಲಿನ ಮಾತಿನ ಬಗ್ಗೆಯೇ ಕೇಳಬೇಕಿದೆ. ಅಮೆರಿಕದ ಸುಂಕ, ದೆಹಲಿ ರಾಜಕೀಯ, ಯಾವುದೋ ದೇಶದ ಯುದ್ಧ, ಎಲ್ಲದರ ಬಗ್ಗೆಯೂ ನಾವು ಜೋರಾಗಿ ಮಾತಾಡುತ್ತೇವೆ. ಮರುದಿನ ಹೊಸ ಸುದ್ದಿ ಬರುತ್ತದೆ, ಹಿಂದಿನದು ಏನಾಯಿತು ಅಂತ ಯಾರೂ ಕೇಳುವುದಿಲ್ಲ. ನಮ್ಮ ಊರಿನ ಅರ್ಧ ಭಾಗವನ್ನೇ ಎಬ್ಬಿಸಿದ, ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ವಿಷಯ ಬಂದರೆ ಮಾತ್ರ "ಅದು ಯಾವಾಗಲೂ ಇದ್ದದ್ದೇ" ಅಂತ ಮುಗಿಸಿಬಿಡುತ್ತಾರೆ. ನನಗೆ ಇದು ನಿಜವಾಗಿಯೂ ಬೇಸರ ತರಿಸುತ್ತದೆ.

ಹಾಗಾಗಿ ನಾನು ಒಂದು ಫೈಲ್ ಶುರು ಮಾಡಿದ್ದೇನೆ. ಆಲಮಟ್ಟಿ ಬಗ್ಗೆ ಏನು ಬಂದರೂ ಕತ್ತರಿಸಿ, ತಾರೀಖು ಬರೆದು ಅಂಟಿಸುತ್ತೇನೆ. ಹಳೆಯದನ್ನು ಲೈಬ್ರರಿಯಲ್ಲಿ ಹುಡುಕಿ ಬರೆದುಕೊಂಡೆ. 2000ದಲ್ಲಿ ಸುಪ್ರೀಂ ಕೋರ್ಟ್ 519.60 ಮೀಟರ್ ವರೆಗೆ ನೀರು ನಿಲ್ಲಿಸಲು ಒಪ್ಪಿತು. 2010ರ ಡಿಸೆಂಬರಿನಲ್ಲಿ ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರ್ ವರೆಗೆ ಏರಿಸಬಹುದು ಅಂತ ಹೇಳಿತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಗೆಜೆಟ್‌ನಲ್ಲಿ ಪ್ರಕಟಿಸಬಾರದು ಎಂದು ತಡೆಯಿತು. 2013ರಲ್ಲಿ ನ್ಯಾಯಮಂಡಳಿಯ ಮುಂದಿನ ವರದಿ ಬಂತು. ಮರುವರ್ಷ ಆಂಧ್ರ ಒಡೆದು ತೆಲಂಗಾಣ ಆಯಿತು, ವ್ಯಾಜ್ಯ ಮತ್ತಷ್ಟು ಎಳೆಯಿತು. ಇಷ್ಟನ್ನು ಒಂದೇ ಹಾಳೆಯ ಮೇಲೆ ಬರೆದಾಗ ನನಗೇ ಮೊದಲ ಸಲ ಸ್ಪಷ್ಟವಾಯಿತು. ವರ್ಷಗಟ್ಟಲೆ ಪೇಪರ್ ಓದಿಯೂ ಈ ಸಾಲು ತಲೆಯಲ್ಲಿ ಕೂತಿರಲಿಲ್ಲ.

ಮೊನ್ನೆ ಒಬ್ಬರು ಫಾರ್ವರ್ಡ್ ತೋರಿಸಿದರು, ಆಲಮಟ್ಟಿ ಎತ್ತರಿಸಿದಾಗ ಜಮೀನು ಹೋಗುವ ಎಲ್ಲರಿಗೂ ಎಕರೆಗೆ 40 ಲಕ್ಷ ಪರಿಹಾರ ಅಂತ. ಫೈಲ್ ತೆಗೆದು ತೋರಿಸಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಒಪ್ಪಿದ್ದು ಹೀಗಿದೆ: ಮುಳುಗಡೆಯಾಗುವ ಜಮೀನು ನೀರಾವರಿ ಇದ್ದರೆ 40 ಲಕ್ಷ, ಒಣಬೇಸಾಯ ಇದ್ದರೆ 30 ಲಕ್ಷ. ಕಾಲುವೆಗೆ ಹೋಗುವ ಜಮೀನಿಗೆ 30 ಮತ್ತು 25. ಎರಡೂ ಬೇರೆ ಬೇರೆ. ಬೀಳಗಿ ಕಡೆಯ ಅವರ ಸಂಬಂಧಿಕರು ಈ ಫಾರ್ವರ್ಡ್ ನಂಬಿ ಮಗಳ ಮದುವೆಯ ಲೆಕ್ಕ ಹಾಕುತ್ತಿದ್ದರಂತೆ.

ನೀವೆಲ್ಲ ದಿನವನ್ನು ಹೇಗೆ ಕಳೆಯುತ್ತೀರಿ? ಹೀಗೆ ಒಂದೇ ವಿಷಯ ಹಿಡಿದು ಕೂರುವವರು ಯಾರಾದರೂ ಇದ್ದೀರಾ? ಮನೆಯವರು ಸುಮ್ನೆ ಕಾಗದ ಕೂಡಿಹಾಕುತ್ತೀರಿ ಅಂತಾರೆ. ನನಗೆ ಹಾಗನ್ನಿಸುವುದಿಲ್ಲ.

ಗುಮ್ಮಟದ ಕಡೆಯವ, ವಿಜಯಪುರ

ಮಾಸ್ತರೇ, ಬಿಡಬೇಡಿ. ನಾನು ಬ್ಯಾಂಕಿನಲ್ಲಿದ್ದವನು. ಬೆಳಿಗ್ಗೆ ಗೋಳಗುಮ್ಮಟದ ಸುತ್ತ ನಡೆದು ಬರುತ್ತೇನೆ, ಅಲ್ಲಿಯೂ ಇದೇ ಕಥೆ. ಆದರೆ ನಮ್ಮಲ್ಲಿ ಆಲಮಟ್ಟಿ ಮಾತು ದಿನಾ ಇರುತ್ತದೆ, ಯಾಕಂದರೆ ನಮಗೆ ಅದು ಕುಡಿಯುವ ನೀರು. ಹೊಲಕ್ಕೂ ಅದೇ ನೀರು. ಮುಳವಾಡ ಏತ ನೀರಾವರಿಯ ನೀರು ಬಂದು ಕೆರೆ ತುಂಬಿದ ಮೇಲೆ ಸುತ್ತಲಿನ ಬಾವಿಗಳಿಗೆ ಜೀವ ಬಂತು. ನಮ್ಮ ತಂದೆಯ ಕಾಲದಲ್ಲಿ ಇಂಡಿ ಕಡೆ ಬೇಸಿಗೆ ಅಂದರೆ ಟ್ಯಾಂಕರು. ಈಗ ಅದೇ ಕಡೆ ನಿಂಬೆ, ದ್ರಾಕ್ಷಿ ಬೆಳೆಯುತ್ತಾರೆ, ನಿಂಬೆಗಿಡ ಉಳಿಸಿಕೊಳ್ಳಲು ಟ್ಯಾಂಕರ್ ಹೊಡೆಸಿದ ವರ್ಷಗಳನ್ನೂ ಕಂಡಿದ್ದೇವೆ.

ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ್ದು 130 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಎತ್ತರ ಏರಿಸದೆ ಅಷ್ಟು ನೀರು ನಿಲ್ಲಿಸುವುದು ಎಲ್ಲಿ? ಈಗ ಜಲಾಶಯದಲ್ಲಿ ನಿಲ್ಲುವುದು 123 ಟಿಎಂಸಿ ಮಾತ್ರ. ಕಾಲುವೆ ತೋಡಿ ಇಟ್ಟಿದ್ದಾರೆ, ನೀರಿನ ಹಕ್ಕೂ ಇದೆ, ಗೇಟು ಏರಿಸಲು ಗೆಜೆಟ್ ಕಾಗದ ಬರುತ್ತಿಲ್ಲ. ನಿಮ್ಮ ಫೈಲಿನಲ್ಲಿ ಈ ಕಡೆಯ ಕಾಲುವೆಗಳ ಸುದ್ದಿಯೂ ಸೇರಿಸಿ. ಬಾಗಲಕೋಟೆಯವರು ಮುಳುಗಡೆ ಮಾತ್ರ ಬರೆಯುತ್ತಾರೆ, ನಾವು ನೀರು ಮಾತ್ರ ಬರೆಯುತ್ತೇವೆ. ಕಳೆದುಕೊಂಡವರ ದುಃಖ ನಮಗೆ ಗೊತ್ತಿರಬೇಕು, ಅದನ್ನು ಒಪ್ಪುತ್ತೇನೆ. ಎತ್ತರ ಏರಿಸಿದರೆ ತಮ್ಮ ಕಡೆ ಪ್ರವಾಹ ಬರುತ್ತದೆ ಅನ್ನುವ ಮಹಾರಾಷ್ಟ್ರದ ತಕರಾರು ಮಾತ್ರ ನನಗೆ ಒಪ್ಪಿಗೆ ಆಗುವುದೇ ಇಲ್ಲ.

ಶಹಾಪುರದ ಅಕ್ಕ, ಬೆಳಗಾವಿ

ನಾನು ನರ್ಸ್ ಆಗಿ ನಿವೃತ್ತಳಾದವಳು. ನಮ್ಮ ಮನೆಗೆ ಎರಡು ಪೇಪರ್ ಬರುತ್ತವೆ, ಒಂದು ಕನ್ನಡ, ಒಂದು ಮರಾಠಿ. ಬೆಳಗಾವಿಯ ಹಳೆ ಓಣಿಗಳಲ್ಲಿ ಇದು ಹೊಸದೇನಲ್ಲ. ಒಂದೇ ಸುದ್ದಿಯನ್ನು ಎರಡೂ ಕಡೆ ಓದುವುದು ನನ್ನ ಬೆಳಗಿನ ಕೆಲಸ. ಗಡಿ ವಿಷಯ ಇರಲಿ, ಸುವರ್ಣ ಸೌಧದ ಚಳಿಗಾಲದ ಅಧಿವೇಶನ ಇರಲಿ, ಆಲಮಟ್ಟಿ ಇರಲಿ, ತಲೆಬರಹ ನೋಡಿದರೆ ಎರಡು ಬೇರೆ ಘಟನೆ ಅನ್ನಿಸುತ್ತದೆ.

ವಿಜಯಪುರದ ಅಣ್ಣನವರಿಗೆ ಒಂದು ಮಾತು. ನನ್ನ ತಂಗಿ ಸಾಂಗ್ಲಿಯಲ್ಲಿದ್ದಾಳೆ. 2019ರ ಆಗಸ್ಟಿನಲ್ಲಿ ಅವಳ ಮನೆಯ ಕೆಳಮಾಳಿಗೆ ಪೂರ್ತಿ ನೀರು. 2021ರಲ್ಲಿ ಮತ್ತೆ ಬಂತು. ಅವರ ಹೆದರಿಕೆ ರಾಜಕಾರಣಿಗಳು ಹುಟ್ಟಿಸಿದ್ದಲ್ಲ, ಕೆಸರು ಬಳಿದು ಹೊರಹಾಕಿದವರ ಹೆದರಿಕೆ ಅದು. ಆದರೆ ಕಾರಣ ಆಲಮಟ್ಟಿಯೇ ಅನ್ನುವುದನ್ನು ನಾನು ಒಪ್ಪುವುದಿಲ್ಲ. 2019ರ ಪ್ರವಾಹದ ಮೇಲೆ ಮಹಾರಾಷ್ಟ್ರ ಸರ್ಕಾರ ತಾನೇ ನೇಮಿಸಿದ ವಡ್ನೇರೆ ಸಮಿತಿ ಕೂಡ ಆಲಮಟ್ಟಿಯನ್ನು ಕಾರಣ ಮಾಡಲಿಲ್ಲ. ಅತಿಯಾದ ಮಳೆ, ಹೊಳೆಯ ಪಾತ್ರದಲ್ಲಿ ಕಟ್ಟಿದ ಮನೆಗಳು, ಕೊಯ್ನಾ ಅಣೆಕಟ್ಟಿನಿಂದ ಬಿಡುವ ನೀರು, ಇವೆಲ್ಲ ಒಂದೇ ಸಲ ಸೇರಿದರೆ ಕೃಷ್ಣೆ ಎಲ್ಲಿಗೆ ಹೋಗಬೇಕು?

ಮಳೆಗಾಲದಲ್ಲಿ ನಾನು ದಿನಾ ನೋಡುವುದು ಸಾಂಗ್ಲಿಯ ಇರ್ವಿನ್ ಸೇತುವೆಯ ಮಟ್ಟ. 40 ಅಡಿ ಎಚ್ಚರಿಕೆ, 45 ಅಪಾಯ. ಕೊಲ್ಹಾಪುರದ ಪಂಚಗಂಗಾ ನದಿಗೆ ಕಟ್ಟಿದ ರಾಜಾರಾಮ್ ಬಂಧಾರದಲ್ಲಿ (ಅಡ್ಡಗಟ್ಟೆ) 39 ಮತ್ತು 43. ಅಲ್ಲಿ ಏರಿತು ಅಂದರೆ ಚಿಕ್ಕೋಡಿ ಕಡೆಯ ಕಲ್ಲೋಳ–ಯಡೂರು ಸೇತುವೆ ಮುಳುಗುತ್ತದೆ ಅಂತ ತಿಳಿದುಕೊಳ್ಳಿ. ತಂಗಿಗೆ ಫೋನ್ ಮಾಡಿ ಸಾಮಾನು ಮೇಲೆ ಸಾಗಿಸು ಅಂತ ಹೇಳುವುದು ನಾನೇ. ಟಿವಿ ನೋಡಿ ಹೇಳಲು ಆಗುವುದಿಲ್ಲ, ಅಲ್ಲಿ ನಿನ್ನೆಯ ದೃಶ್ಯವನ್ನೇ ಇವತ್ತೂ ಓಡಿಸುತ್ತಿರುತ್ತಾರೆ.

ಮಾಸ್ತರೇ, ನಿಮ್ಮ ಫೈಲಿನಲ್ಲಿ ಸಾಂಗ್ಲಿಯ ಪೇಪರಿನ ಒಂದು ಕಾಲಂ ಇರಲಿ.

ಜಮಖಂಡಿಯಿಂದ

ನನ್ನ ವಿಷಯ ಕಬ್ಬು. ಪೋಸ್ಟ್ ಆಫೀಸಿನಿಂದ ನಿವೃತ್ತಿಯಾಗಿ ಈಗ ತಮ್ಮನ ಜೊತೆ ಹೊಲ ನೋಡುತ್ತೇನೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಕೇಳಿ ಕೂತರು, ಕೊನೆಗೆ 3,300 ಅಂತ ತೀರ್ಮಾನವಾಯಿತು. ಟಿವಿಯವರು ಅಲ್ಲಿಗೇ ಬಿಟ್ಟರು. ಅದಕ್ಕೆ ಸಕ್ಕರೆ ಇಳುವರಿಯ ಶರತ್ತು ಇದೆ, ಕಟಾವು ಮತ್ತು ಸಾಗಣೆ ಲೆಕ್ಕ ಬೇರೆ ಇದೆ, ಅದನ್ನು ಯಾರು ಹೇಳುತ್ತಾರೆ? 2025-26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ (ಕಾರ್ಖಾನೆಗಳು ಕೊಡಬೇಕಾದ ಕನಿಷ್ಠ ದರ) 3,550 ಇತ್ತಲ್ಲ, ಮತ್ತೆ ಯಾಕೆ ಕಡಿಮೆ ಅಂತ ಎಷ್ಟೋ ಜನ ಕೇಳುತ್ತಾರೆ. ಅದು ಶೇ. 10.25 ಸಕ್ಕರೆ ಇಳುವರಿಗೆ, ಕಟಾವು–ಸಾಗಣೆ ಒಳಗೊಂಡ ದರ. ನಾನು ಓಣಿಯ ರೈತರ ಬಿಲ್ಲು ಓದಿ ಹೇಳುತ್ತೇನೆ. ಸಂಜೆ ಹೊತ್ತು ಅದರಲ್ಲೇ ಹೋಗುತ್ತದೆ.

ಹಾಗೆಯೇ ಇನ್ನೊಂದು ಮಾತು. ಪಿಂಚಣಿದಾರರು ನವೆಂಬರಿನ ಜೀವನ ಪ್ರಮಾಣ ಪತ್ರಕ್ಕೆ ಈಗ ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತದೆ. ಬೆರಳು ಸವೆದವರು ಬ್ಯಾಂಕಿನ ಸಾಲಿನಲ್ಲಿ ನಿಲ್ಲಬೇಡಿ. ನಮ್ಮ ಓಣಿಯ ವಯಸ್ಸಾದವರಿಗೆ ನಾನೇ ಮಾಡಿಕೊಡುತ್ತೇನೆ.

ನವನಗರದ ಮಾಸ್ತರು, ಬಾಗಲಕೋಟೆ

ಎಲ್ಲರಿಗೂ ಧನ್ಯವಾದ. ಅಕ್ಕನವರ ಮಾತು ಓದಿ ತುಂಬ ಹೊತ್ತು ಯೋಚಿಸಿದೆ. ನಮ್ಮ ಮನೆ ಹಳೆ ಬಾಗಲಕೋಟೆಯಲ್ಲಿತ್ತು. ಘಟಪ್ರಭೆಯ ಹಿನ್ನೀರು ಬಂದಾಗ ತಂದೆಯವರು ಬಾಗಿಲ ಚೌಕಟ್ಟು ಕಿತ್ತು ಗಾಡಿಯಲ್ಲಿ ಹೇರಿಕೊಂಡು ಬಂದರು. ಈಗ ಎತ್ತರ ಏರಿದರೆ ಇನ್ನೂ 20 ಹಳ್ಳಿ, ಊರಿನ ಉಳಿದ ಕೆಲವು ವಾರ್ಡು ಹೋಗುತ್ತವೆ. ಆದರೂ ಎತ್ತರ ಏರಲಿ ಅನ್ನುವವನೇ ನಾನು. ವಿಜಯಪುರಕ್ಕೆ ನೀರು ಹೋಗಲಿ. ನಮ್ಮ ಜನರನ್ನು ಮತ್ತೆ ಎರಡು ಸಲ ಎಬ್ಬಿಸಬಾರದು, ಏರಿಸುವುದಾದರೆ ಒಂದೇ ಸಲ ಏರಿಸಿ, ದುಡ್ಡು ಮೊದಲು ಕೊಟ್ಟು ಎಬ್ಬಿಸಿ. ಪರಿಹಾರದ ಕೇಸು ಹಾಕಿ ಕಾದು ಕಾದು ತೀರಿಕೊಂಡವರನ್ನು ನಾನು ಬಲ್ಲೆ. ಈ ಬೇಡಿಕೆಯನ್ನು ಹೇಳಬೇಕಾದರೆ ತಾರೀಖು, ಅಂಕಿ ಕೈಯಲ್ಲಿರಬೇಕು, ಅದಕ್ಕೇ ಫೈಲ್.

ಮುಂದಿನ ವಾರದಿಂದ ಕಟ್ಟೆ ಮೇಲೆ ಫೈಲ್ ಒಯ್ಯುತ್ತೇನೆ, ಗೆಳೆಯರಲ್ಲಿ ಇಬ್ಬರು ಕೂಡ ಕತ್ತರಿಸಿ ತರಲು ಒಪ್ಪಿದ್ದಾರೆ. ವಿಜಯಪುರದ ಅಣ್ಣ ಮುಳವಾಡ, ಚಿಮ್ಮಲಗಿ ಕಾಲುವೆಗಳ ಸುದ್ದಿಯ ಫೋಟೋ ಇಲ್ಲಿ ಹಾಕಿದರೆ ಪ್ರಿಂಟ್ ತೆಗೆಸಿ ಅಂಟಿಸುತ್ತೇನೆ. ಅಕ್ಕ, ನನಗೆ ಮರಾಠಿ ಅಷ್ಟಕ್ಕಷ್ಟೇ. ಮುಖ್ಯವಾದದ್ದನ್ನು ಎರಡು ಸಾಲು ಕನ್ನಡದಲ್ಲಿ ಬರೆದು ಹಾಕುತ್ತೀರಾ?

ಶಹಾಪುರದ ಅಕ್ಕ, ಬೆಳಗಾವಿ

ಬರೆದು ಹಾಕುತ್ತೇನೆ, ಅದರಲ್ಲೇನಿದೆ. ಮಳೆಗಾಲದಲ್ಲಿ ಇರ್ವಿನ್ ಸೇತುವೆ, ರಾಜಾರಾಮ್ ಬಂಧಾರ ಎರಡರ ಮಟ್ಟವನ್ನೂ ಬೆಳಿಗ್ಗೆ ಹಾಕುತ್ತೇನೆ. ನೀವು ಅದೇ ದಿನದ ಆಲಮಟ್ಟಿ ಮಟ್ಟ, ಒಳಹರಿವು, ಹೊರಹರಿವು ಹಾಕಿ. ಅಕ್ಕಪಕ್ಕ ಬರೆದುಕೊಳ್ಳೋಣ. ಸಾಂಗ್ಲಿಯಲ್ಲಿ ನೀರು ಏರಿದ ದಿನ ಆಲಮಟ್ಟಿ ಎಷ್ಟಿತ್ತು, ಎಷ್ಟು ಬಿಡುತ್ತಿದ್ದರು ಅಂತ ನನ್ನ ತಂಗಿಗೂ ತೋರಿಸಬೇಕಿದೆ, ಅವಳ ಓಣಿಯವರಿಗೂ.